ಮರೆವು ವಾರವಾರಕ್ಕೆ ಬೆಳೆದರೆ

ತೋಟದ ದಾರಿಯಲ್ಲಿ ತೋಡು ದಾಟಲು ಅಡಿಕೆ ಮರದ ಸಂಕ. ನಲವತ್ತು ವರ್ಷ ಅದರ ಮೇಲೆ ಸೊಪ್ಪಿನ ಹೊರೆ ಹೊತ್ತು ನಡೆದವರು ಒಂದು ಬೆಳಗ್ಗೆ ಸಂಕದ ಈಚೆಯೇ ನಿಂತುಬಿಡುತ್ತಾರೆ. ಕಾಲು ಮುಂದಿಡುತ್ತಾರೆ, ಹಿಂದೆ ತೆಗೆಯುತ್ತಾರೆ. ಕೇಳಿದರೆ, ‘ಸಂಕ ಎಲ್ಲಿಗೆ ಮುಗಿಯುತ್ತದೆ ಅಂತ ಗೊತ್ತಾಗುವುದಿಲ್ಲ’ ಎನ್ನುತ್ತಾರೆ. ಕಣ್ಣಿನ ಡಾಕ್ಟರಿಗೆ ತೋರಿಸಿದರೆ ಕಣ್ಣು ಸರಿ ಇದೆ. ಹದಿನೈದು ದಿನ ಕಳೆಯುವಾಗ ಅಂಗಳದಲ್ಲಿ ನಡೆಯುವಾಗಲೂ ವಾಲುತ್ತಾರೆ. ಮತ್ತೆರಡು ವಾರಕ್ಕೆ ಕ್ಯಾಂಪ್ಕೋಗೆ ಅಡಿಕೆ ಕೊಟ್ಟ ಲೆಕ್ಕ ತಪ್ಪುತ್ತದೆ, ಮಗಳನ್ನು ತಂಗಿಯ ಹೆಸರಿನಲ್ಲಿ ಕರೆಯುತ್ತಾರೆ. ಒಳಗೆ ಕುಕ್ಕರ್ ಸೀಟಿ ಹೊಡೆದರೆ ಚಾವಡಿಯಲ್ಲಿ ಕೂತವರ ಮೈಯಿಡೀ ಬೆಚ್ಚಿ ಜಿಗಿಯುತ್ತದೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ವೈದ್ಯಕೀಯ ಪುಸ್ತಕಗಳಲ್ಲಿರುವ ಲಕ್ಷಣಗಳನ್ನು ನಮ್ಮ ತೋಟದ ದಾರಿಗೆ ತಂದು ನಿಲ್ಲಿಸಿದ್ದೇನೆ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬದ ಕಡೆ ಇಂಥದ್ದು ಕಂಡಾಗ ಮೊದಲು ಬರುವ ಮಾತು ‘ಪ್ರಾಯ ಆಯ್ತಲ್ಲ’ ಎಂದು. ಎರಡನೆಯದು ಅರಳುಮರಳು. ಮೂರನೆಯದಾಗಿ ಯಾರೋ ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸಿ ನೋಡಲು ಹೇಳುತ್ತಾರೆ. ಪ್ರಶ್ನೆ ಇಡಿಸುವುದು, ಹರಕೆ ಹೊರುವುದು ಮನೆಯವರ ನಂಬಿಕೆಗೆ ಬಿಟ್ಟದ್ದು, ಅದನ್ನು ಬೇಡ ಎನ್ನಲು ನಾನು ಹೊರಟಿಲ್ಲ. ಅದೇ ವಾರದಲ್ಲಿ ಮಿದುಳಿನ ಸ್ಕ್ಯಾನ್ ಕೂಡ ಆಗಿರಲಿ ಎಂಬುದಷ್ಟೇ ನನ್ನ ಬೇಡಿಕೆ. ಮುಪ್ಪಿನ ಮರೆವು ವರ್ಷಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಆಲ್‌ಝೈಮರ್ಸ್ ಕೂಡ ಹಾಗೆಯೇ, ಕಳೆದ ದೀಪಾವಳಿಗೂ ಈ ದೀಪಾವಳಿಗೂ ನಡುವೆ ಗೊತ್ತಾಗುವ ಬದಲಾವಣೆ. ವಾರವಾರಕ್ಕೆ, ತಿಂಗಳು ತಿಂಗಳಿಗೆ ಮನುಷ್ಯ ಬೇರೆಯೇ ಆಗುತ್ತಾ ಹೋದರೆ ಅದು ಮುಪ್ಪಲ್ಲ, ತುರ್ತು.

ಹಾಗೆ ವೇಗವಾಗಿ ಬೆಳೆಯುವ ಮರೆವಿನ ಹಿಂದೆ ಇರಬಹುದಾದ ಕಾರಣಗಳಲ್ಲಿ ಅತಿ ಅಪರೂಪದ್ದು, ಅತಿ ಕಠಿಣವಾದದ್ದು ಪ್ರಿಯಾನ್ ಕಾಯಿಲೆ. ಅದರಲ್ಲೂ ಹೆಚ್ಚು ಕಾಣುವುದು ಕ್ರೂಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ, ಡಾಕ್ಟರುಗಳ ಬಾಯಲ್ಲಿ ಸಿಜೆಡಿ. 1920 ಮತ್ತು 1921ರಲ್ಲಿ ಇದನ್ನು ಮೊದಲು ಬರೆದಿಟ್ಟ ಇಬ್ಬರು ಜರ್ಮನ್ ವೈದ್ಯರ ಹೆಸರೇ ಕಾಯಿಲೆಗೆ ಬಂದಿದೆ.

ಎಷ್ಟು ಅಪರೂಪ? ಜಗತ್ತಿನ ಲೆಕ್ಕದಲ್ಲಿ ಹತ್ತು ಲಕ್ಷ ಜನಕ್ಕೆ ವರ್ಷಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಜನಸಂಖ್ಯೆ ಸುಮಾರು 20.9 ಲಕ್ಷ. ಆಗ ಕಡಬ ತಾಲ್ಲೂಕು ಇರಲಿಲ್ಲ, ಅಂದಿನ ಪುತ್ತೂರು ಮತ್ತು ಸುಳ್ಯ ತಾಲ್ಲೂಕು ಸೇರಿ ಸುಮಾರು 4.3 ಲಕ್ಷ ಜನ. ಜಗತ್ತಿನ ಲೆಕ್ಕವನ್ನೇ ಇಲ್ಲಿಗೂ ಇಟ್ಟರೆ ಜಿಲ್ಲೆಯಲ್ಲಿ ವರ್ಷಕ್ಕೆ ಎರಡರಿಂದ ನಾಲ್ಕು ಮಂದಿ, ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಒಂದೆರಡು ವರ್ಷಕ್ಕೆ ಒಬ್ಬರು. ಇದು ಅಂದಾಜು ಮಾತ್ರ, ಎಣಿಸಿದ ಅಂಕಿಯಲ್ಲ. ಆದರೂ ಈ ಗುಣಾಕಾರ ಮಾಡಿದ ಮೇಲೆ ನನಗೆ ‘ನಮ್ಮ ಕಡೆ ಇಂಥದ್ದೆಲ್ಲ ಇಲ್ಲ’ ಎನ್ನುವ ಧೈರ್ಯ ಉಳಿಯಲಿಲ್ಲ. ಹೆಸರು ಸಿಗದೆ ತೀರಿಕೊಂಡವರೂ ಇದ್ದಾರು.

ಹೆಸರು ಹಿಡಿಯುವ ಕೆಲಸ ನಮ್ಮ ರಾಜ್ಯದಲ್ಲಿಯೇ ಬಹಳ ಹಿಂದೆ ಶುರುವಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1990ರಲ್ಲಿ ಇಡೀ ದೇಶಕ್ಕಾಗಿ ಸಿಜೆಡಿ ನೋಂದಣಿ ಪುಸ್ತಕ ತೆರೆದರು. ನರರೋಗ ತಜ್ಞ ಡಾ. ಪಿ. ಸತೀಶ್ಚಂದ್ರ ಮತ್ತು ನರ ರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ 1971ರಿಂದ 1990ರವರೆಗೆ ಭಾರತದಲ್ಲಿ ಕಂಡ ಸಿಜೆಡಿಯ ಬಗ್ಗೆ 1991ರಲ್ಲಿ ಪ್ರಬಂಧ ಪ್ರಕಟಿಸಿದರು. ಆ ಕಾಲದಲ್ಲಿ ಜೀವ ಇರುವಾಗಲೇ ಈ ಕಾಯಿಲೆಯನ್ನು ಗಟ್ಟಿಯಾಗಿ ಹೇಳುವುದು ಕಷ್ಟವಿತ್ತು. ಲಕ್ಷಣ ನೋಡಿ, ಮಿದುಳಿನ ವಿದ್ಯುತ್ ಅಲೆಗಳನ್ನು ಬರೆಯುವ ಇಇಜಿ ಮಾಡಿ ಅಂದಾಜು ಮಾಡಬೇಕು, ತೀರಿಕೊಂಡ ಮೇಲೆ ಮಿದುಳಿನ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತ ಮಾಡಬೇಕು. ಎಂಆರ್‌ಐ ಬಂದ ಮೇಲೆ ಚಿತ್ರ ಬದಲಾಯಿತು.

ಮಿದುಳಿನೊಳಗೆ ಆಗುವುದೇನು

ನಮ್ಮೆಲ್ಲರ ನರಕೋಶಗಳಲ್ಲಿಯೂ ಪ್ರಿಯಾನ್ ಎಂಬ ಪ್ರೋಟೀನ್ ಇದೆ. ಅದು ಸರಿಯಾಗಿ ಮಡಚಿಕೊಂಡಿರುವಷ್ಟು ದಿನ ತೊಂದರೆಯಿಲ್ಲ. ಯಾವುದೋ ಗಳಿಗೆಯಲ್ಲಿ ಒಂದು ಕಣ ತಪ್ಪಾಗಿ ಮಡಚಿಕೊಂಡರೆ, ಅದು ಪಕ್ಕದ ಕಣವನ್ನೂ ಹಾಗೇ ಮಡಚುತ್ತದೆ, ಅದು ಮತ್ತೊಂದನ್ನು. ಕೊಳೆರೋಗ ಒಂದು ಗೊನೆಯಿಂದ ಇನ್ನೊಂದಕ್ಕೆ ಹರಡುವುದು ನಮಗೆ ಗೊತ್ತು. ಆದರೆ ಅಲ್ಲಿ ಒಂದು ಜೀವಿ ಇದೆ. ಇಲ್ಲಿ ಬ್ಯಾಕ್ಟೀರಿಯಾ ಇಲ್ಲ, ವೈರಸ್ ಇಲ್ಲ, ಬರೀ ಆಕಾರ ಕೆಟ್ಟ ಪ್ರೋಟೀನ್. ಅಮೆರಿಕದ ಸ್ಟ್ಯಾನ್ಲಿ ಪ್ರೂಸಿನರ್ 1982ರಲ್ಲಿ ಇದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟಾಗ ಬಹಳ ವಿಜ್ಞಾನಿಗಳು ನಂಬಲಿಲ್ಲ. 1997ರಲ್ಲಿ ಅದಕ್ಕೇ ಅವರಿಗೆ ನೊಬೆಲ್ ಬಂತು.

ನರಕೋಶಗಳು ಸಾಯುತ್ತವೆ, ಅಂಗಾಂಶದಲ್ಲಿ ಸೂಕ್ಷ್ಮ ತೂತುಗಳಾಗಿ ಮಿದುಳು ಸ್ಪಂಜಿನ ಹಾಗೆ ಆಗುತ್ತದೆ. ನೂರರಲ್ಲಿ ಸುಮಾರು 85 ಮಂದಿಗೆ ಇದು ಕಾರಣವೇ ಇಲ್ಲದೆ ತಾನಾಗಿ ಬರುತ್ತದೆ, ಹೆಚ್ಚಾಗಿ ಅರವತ್ತರ ಆಸುಪಾಸಿನಲ್ಲಿ. ಹತ್ತರಿಂದ ಹದಿನೈದು ಮಂದಿಗೆ ವಂಶವಾಹಿಯ ದೋಷದಿಂದ. ಹೊರಗಿನಿಂದ ಅಂಟಿದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಬಿಳಿ ಅಂಚಿನ ಚಿತ್ರ

ನಮ್ಮಲ್ಲಿ ‘ತಲೆ ಸ್ಕ್ಯಾನ್ ಆಗಿದೆ, ಏನೂ ಇಲ್ಲವಂತೆ’ ಎಂಬ ಮಾತು ಬಹಳ ಕೇಳುತ್ತೇವೆ. ಯಾವ ಸ್ಕ್ಯಾನ್ ಎಂದು ಕೇಳಬೇಕು. ತಲೆಗೆ ಪೆಟ್ಟು ಬಿದ್ದಾಗ, ರಕ್ತಸ್ರಾವದ ಸಂಶಯ ಬಂದಾಗ ಮಾಡುವುದು ಸಿಟಿ. ಸಿಜೆಡಿಯಲ್ಲಿ ಸಿಟಿ ಹೆಚ್ಚಾಗಿ ಏನನ್ನೂ ತೋರಿಸುವುದಿಲ್ಲ. ಬೇಕಾದದ್ದು ಎಂಆರ್‌ಐ, ಅದರಲ್ಲಿಯೂ ಡಿಫ್ಯೂಷನ್ ಎಂಬ ಬಗೆಯ ಚಿತ್ರ. ಸ್ಕ್ಯಾನಿಂಗ್ ಸೆಂಟರಿನವರು ಡಿಡಬ್ಲ್ಯುಐ ಎನ್ನುತ್ತಾರೆ.

ಎಂಆರ್‌ಐ ಎಂದರೆ ಒಂದೇ ಫೋಟೋ ಅಲ್ಲ. ಅದೇ ಮಿದುಳನ್ನು ಬೇರೆ ಬೇರೆ ರೀತಿಯಲ್ಲಿ ತೆಗೆದ ಹಲವು ಸಾಲು ಚಿತ್ರಗಳು. ಡಿಫ್ಯೂಷನ್ ಸಾಲು ನೋಡುವುದು ನೀರಿನ ಕಣಗಳ ಅಲೆದಾಟವನ್ನು. ಆರೋಗ್ಯವಾದ ಅಂಗಾಂಶದಲ್ಲಿ ನೀರಿನ ಕಣಗಳು ಅತ್ತಿತ್ತ ತಿರುಗಾಡಿಕೊಂಡಿರುತ್ತವೆ, ಆ ಜಾಗ ಚಿತ್ರದಲ್ಲಿ ಬೂದು ಬಣ್ಣವಾಗಿ ಬರುತ್ತದೆ. ಪ್ರಿಯಾನ್ ಸೇರಿಕೊಂಡು ತೂತುಬಿದ್ದ ಜಾಗದಲ್ಲಿ ನೀರು ಕಟ್ಟುಬಿದ್ದು ನಿಲ್ಲುತ್ತದೆ, ಆ ಜಾಗ ಬಿಳಿಯಾಗಿ ಹೊಳೆಯುತ್ತದೆ.

ಸಿಜೆಡಿಯ ಒಂದು ಡಿಫ್ಯೂಷನ್ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರೆ, ಮಿದುಳಿನ ಹೊರ ಅಂಚಿನ ಮಡಿಕೆಗಳ ಉದ್ದಕ್ಕೂ ಬಿಳಿಯ ಪಟ್ಟಿಯೊಂದು ಬಳುಕುತ್ತಾ ಹೋಗಿರುತ್ತದೆ, ಮಡಚಿಟ್ಟ ಪಂಚೆಯ ಜರಿ ಅಂಚಿನ ಹಾಗೆ. ರೇಡಿಯಾಲಜಿಯವರ ಭಾಷೆಯಲ್ಲಿ ಇದು ಕಾರ್ಟಿಕಲ್ ರಿಬ್ಬನಿಂಗ್. ಒಂದು ಬದಿಯಲ್ಲಿ ಗಾಢವಾಗಿಯೂ ಇನ್ನೊಂದು ಬದಿಯಲ್ಲಿ ತೆಳುವಾಗಿಯೂ ಇರಬಹುದು. ಕೈಕಾಲು ಆಡಿಸುವ ಭಾಗದ ಅಂಚು ಮಾತ್ರ ಹೆಚ್ಚಾಗಿ ಬಿಳಿಯಾಗದೆ ಉಳಿದಿರುತ್ತದೆ. ಮಿದುಳಿನ ನಡುವಿನಲ್ಲಿರುವ ಕಾಡೇಟ್, ಪುಟಾಮೆನ್ ಎಂಬ ಎರಡು ಗಂಟುಗಳು ಕೂಡ ಬೆಳಗಿರುತ್ತವೆ. ಹಿಂಬದಿಯ ಅಂಚು ಮೊದಲು ಬಿಳಿಯಾದವರಿಗೆ ದೃಷ್ಟಿಯ ತೊಂದರೆ ಮೊದಲು ಬರುತ್ತದೆ. ಸಂಕದ ಮುಂದೆ ನಿಂತುಬಿಟ್ಟವರ ಕಣ್ಣಿನಲ್ಲಿ ದೋಷ ಕಾಣದೆ ಇರುವುದು ಇದಕ್ಕೇ. ಕಣ್ಣು ನೋಡುತ್ತಿದೆ, ನೋಡಿದ್ದನ್ನು ಅರ್ಥಮಾಡುವ ಜಾಗ ಕೆಟ್ಟಿದೆ.

ಪಾರ್ಶ್ವವಾಯುವಿನಲ್ಲಿಯೂ ಡಿಫ್ಯೂಷನ್ ಚಿತ್ರ ಬಿಳಿಯಾಗುತ್ತದಲ್ಲ ಎಂದು ಬಲ್ಲವರು ಕೇಳಬಹುದು. ಆಗುತ್ತದೆ. ಆದರೆ ಅದು ಒಂದು ರಕ್ತನಾಳ ನೀರು ಹಾಯಿಸುವ ಗದ್ದೆಯಷ್ಟಕ್ಕೆ ಸೀಮಿತ, ಬರುವುದೂ ಒಂದೇ ಗಳಿಗೆಯಲ್ಲಿ. ಸಿಜೆಡಿ ರಕ್ತನಾಳದ ಗಡಿ ನೋಡುವುದಿಲ್ಲ. ಹೊಳಪು ನಿಜವೋ ಬರೀ ನೆರಳೋ ಎಂದು ತಿಳಿಯಲು ಎಡಿಸಿ ಎಂಬ ಜೊತೆ ಚಿತ್ರ ನೋಡುತ್ತಾರೆ, ಡಿಫ್ಯೂಷನ್‌ನಲ್ಲಿ ಬಿಳಿ ಇರುವಲ್ಲಿ ಎಡಿಸಿಯಲ್ಲಿ ಕಪ್ಪು ಇರಬೇಕು. ಫ್ಲೇರ್ ಎಂಬ ಮೂರನೆಯ ಸಾಲನ್ನೂ ಇದರೊಂದಿಗೆ ಓದುತ್ತಾರೆ.

ಸರಿಯಾದ ಚಿತ್ರ, ಓದಬಲ್ಲ ಕಣ್ಣು ಎರಡೂ ಇದ್ದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಿಜೆಡಿ ರೋಗಿಗಳಲ್ಲಿ ಎಂಆರ್‌ಐ ಸುಳಿವು ಕೊಡುತ್ತದೆ. ಆದರೆ ಕಣ್ಣು ತಪ್ಪುವುದೂ ಉಂಟು. ಬ್ರಿಟನ್ನಿನ ರಾಷ್ಟ್ರೀಯ ಪ್ರಿಯಾನ್ ಕ್ಲಿನಿಕ್ ಹಳೆಯ ಸ್ಕ್ಯಾನ್‌ಗಳನ್ನು ಮತ್ತೆ ತೆಗೆದು ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊರಿನ ಆಸ್ಪತ್ರೆಗಳ ಮೊದಲ ವರದಿ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕಾಯಿಲೆಯನ್ನು ಗುರುತಿಸಿರಲಿಲ್ಲ. ಚಿತ್ರದಲ್ಲಿ ಇತ್ತು, ವರದಿಯಲ್ಲಿ ಇರಲಿಲ್ಲ. ಅಂಥ ಸೌಲಭ್ಯದ ದೇಶದಲ್ಲಿಯೇ ಹೀಗಾದರೆ ನಮ್ಮಲ್ಲಿ ‘ನಾರ್ಮಲ್’ ಎಂಬ ವರದಿಯನ್ನು ಕಡೆಯ ಮಾತೆಂದು ಹಿಡಿಯಬಾರದು. ಮನುಷ್ಯ ಇಳಿದುಹೋಗುತ್ತಿರುವುದು ಕಣ್ಣೆದುರೇ ಕಾಣುತ್ತಿದ್ದರೆ ನರರೋಗ ತಜ್ಞರು ಅಥವಾ ನರ ರೇಡಿಯಾಲಜಿಸ್ಟ್ ಅದೇ ಚಿತ್ರವನ್ನು ಮತ್ತೊಮ್ಮೆ ನೋಡಬೇಕು. ಸಂಶಯ ಉಳಿದರೆ ಎರಡು ಮೂರು ವಾರ ಬಿಟ್ಟು ಹೊಸ ಸ್ಕ್ಯಾನ್.

ಹೋಗುವ ಮೊದಲು, ಯಂತ್ರದ ಹತ್ತಿರ

ಚೀಟಿಯಲ್ಲಿ ಬರೀ ‘ಎಂಆರ್‌ಐ ಬ್ರೈನ್’ ಎಂದಿದ್ದರೆ ಸಾಲದು. ‘ಎರಡು ತಿಂಗಳಲ್ಲಿ ವೇಗವಾಗಿ ಹೆಚ್ಚಿದ ಮರೆವು, ನಡಿಗೆ ತಪ್ಪುತ್ತಿದೆ, ಮೈ ಜಿಗಿತ, ಸಿಜೆಡಿ ಸಂಶಯ’ ಎಂದು ಕಾರಣ ಬರೆದಿರಲಿ. ಕಾರಣ ಗೊತ್ತಿದ್ದರೆ ನೋಡುವವರ ಕಣ್ಣು ಆ ಅಂಚಿಗೆ ಹೋಗುತ್ತದೆ. ಡಾಕ್ಟರು ಬರೆಯಲು ಮರೆತರೆ ವಿನಯದಿಂದ ಕೇಳಿ ಬರೆಸಿಕೊಳ್ಳಿ.

ಪೂರ್ತಿ ಸ್ಕ್ಯಾನ್‌ಗೆ ಇಪ್ಪತ್ತು ನಿಮಿಷಕ್ಕೂ ಮೇಲೆ ಅಲುಗಾಡದೆ ಮಲಗಬೇಕು, ಡಿಫ್ಯೂಷನ್ ಸಾಲಿಗೆ ಮಾತ್ರ ಒಂದೆರಡು ನಿಮಿಷ ಸಾಕು. ಹಾಗಾಗಿ ತಂತ್ರಜ್ಞರಿಗೆ ಹೇಳಬೇಕಾದ ಮಾತು: ‘ಇವರು ಹೆಚ್ಚು ಹೊತ್ತು ಮಲಗಲಾರರು, ಡಿಫ್ಯೂಷನ್ ಮೊದಲು ತೆಗೆಯಿರಿ.’ ಕಡೆಗೆ ಉಳಿಸಿದರೆ ಅಷ್ಟರಲ್ಲಿ ರೋಗಿ ಎದ್ದು ಕೂತಿರುತ್ತಾರೆ, ಬೇಕಾದ ಚಿತ್ರವೇ ಸಿಗುವುದಿಲ್ಲ. ಯಂತ್ರದ ಸದ್ದು ದೊಡ್ಡದು, ಸದ್ದಿಗೆ ಬೆಚ್ಚುವ ಕಾಯಿಲೆಯವರಿಗೆ ಅದು ಇನ್ನೂ ಕಷ್ಟ. ಕಿವಿಗೆ ಮುಚ್ಚಳ ಹಾಕುತ್ತಾರೆ, ಬೇಕಾದರೆ ನಿದ್ದೆ ಬರಿಸುವ ಮದ್ದು ಕೊಡುತ್ತಾರೆ. ನಿದ್ದೆ ಬರಿಸುವುದಾದರೆ ಅರಿವಳಿಕೆ ತಜ್ಞರು ಇರುವ ದಿನವೇ ಹೋಗಬೇಕು, ಎಷ್ಟು ಗಂಟೆ ಹಸಿವಿನಲ್ಲಿರಬೇಕೆಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಕರಿಮಣಿ, ಮೂಗುತಿ, ಕಾಲುಂಗುರ, ಬೆಳ್ಳಿಯ ಉಡಿದಾರ, ತಾಯತ, ಕಿವಿಯ ಯಂತ್ರ, ಕಟ್ಟಿಸಿದ ಹಲ್ಲು ಎಲ್ಲ ಮನೆಯಲ್ಲೇ ತೆಗೆದಿಟ್ಟು ಹೋದರೆ ಒಳ್ಳೆಯದು. ವರ್ಷಗಟ್ಟಲೆ ತೆಗೆಯದ ಮೂಗುತಿ ಆಸ್ಪತ್ರೆಯ ಬಾಗಿಲಲ್ಲಿ ಬಿಚ್ಚುವುದಿಲ್ಲ. ಹೃದಯಕ್ಕೆ ಪೇಸ್‌ಮೇಕರ್, ತಲೆಯಲ್ಲಿ ಹಳೆಯ ಕ್ಲಿಪ್, ಕಣ್ಣಿನೊಳಗೆ ಕಬ್ಬಿಣದ ಚೂರು ಇದ್ದರೆ ತಪ್ಪದೆ ಹೇಳಬೇಕು. ಸಿಜೆಡಿಯ ಬಿಳಿ ಅಂಚು ಕಾಣಲು ಡೈ ಚುಚ್ಚಬೇಕಾಗಿಲ್ಲ. ಗಡ್ಡೆ, ಉರಿಯೂತದ ಸಂಶಯಕ್ಕೆ ಡಾಕ್ಟರು ಡೈ ಬೇಕೆಂದರೆ ಕಿಡ್ನಿಯ ರಕ್ತಪರೀಕ್ಷೆ ಮೊದಲು ಆಗಿರಬೇಕು. ಎಂಆರ್‌ಐಯಲ್ಲಿ ಎಕ್ಸ್‌ರೇ ವಿಕಿರಣ ಇಲ್ಲ, ಎರಡನೇ ಸಲ ಮಾಡಿಸಲು ಆ ಹೆದರಿಕೆ ಬೇಡ.

ಹೊರಡುವಾಗ ಫಿಲ್ಮ್ ಮಾತ್ರ ತರಬೇಡಿ, ಸಿಡಿಯೂ ಬೇಕು. ಫಿಲ್ಮಿನಲ್ಲಿ ಆರಿಸಿದ ಕೆಲವೇ ಚಿತ್ರಗಳಿರುತ್ತವೆ, ಸಿಡಿಯಲ್ಲಿ ಎಲ್ಲವೂ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದು ವಾಟ್ಸ್ಯಾಪ್ ಮಾಡಿದ ಫೋಟೋದಲ್ಲಿ ಆ ತೆಳು ಅಂಚು ತಿಳಿಯುವುದೇ ಇಲ್ಲ.

ಗುಣವಾಗುವ ಕಾಯಿಲೆ ಕೈ ತಪ್ಪಬಾರದು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇಡೀ ವಿಷಯದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇದು. ಸಿಜೆಡಿಯ ಹಾಗೆ ಕಾಣುವ, ಆದರೆ ಮದ್ದಿರುವ ಕಾಯಿಲೆಗಳು ಸಿಜೆಡಿಗಿಂತ ಎಷ್ಟೋ ಹೆಚ್ಚು. ಬೇಗ ಸ್ಕ್ಯಾನ್ ಮಾಡಿಸಿ ಎನ್ನುವುದಕ್ಕೆ ಮೊದಲ ಕಾರಣವೇ ಅವು.

ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ತಲೆ ತಾಗಿಸಿಕೊಂಡ ಅಜ್ಜನಿಗೆ ಆ ದಿನ ಏನೂ ಆಗಿರುವುದಿಲ್ಲ. ಮೂರು ನಾಲ್ಕು ವಾರದ ಮೇಲೆ ಮಂಕು, ನಡಿಗೆಯಲ್ಲಿ ವಾಲು, ಮಾತಿನಲ್ಲಿ ತಪ್ಪು. ಮಿದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ರಕ್ತ ತುಂಬಿರುತ್ತದೆ. ಸಿಟಿಯಲ್ಲೇ ತಿಳಿಯುತ್ತದೆ, ಸಣ್ಣ ಆಪರೇಷನ್‌ನಿಂದ ತೆಗೆದರೆ ಎದ್ದು ಓಡಾಡುತ್ತಾರೆ. ಬಿ.ಪಿ. ಮಾತ್ರೆಯಿಂದ ರಕ್ತದ ಸೋಡಿಯಂ ಇಳಿದು ದಾರಿ ತಪ್ಪಿದ ಹಿರಿಯರು, ಹಾಲು ಮಜ್ಜಿಗೆ ಬಿಟ್ಟ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ, ಥೈರಾಯ್ಡ್, ಲಿವರ್ ಮತ್ತು ಕಿಡ್ನಿಯ ತೊಂದರೆ, ಕುಡಿತದಿಂದ ಬರುವ ಬಿ1 ಕೊರತೆ, ಲಿಥಿಯಂ ಮಾತ್ರೆಯ ಪ್ರಮಾಣ ಹೆಚ್ಚಾಗುವುದು, ಇವೆಲ್ಲ ರಕ್ತಪರೀಕ್ಷೆ ಮತ್ತು ಸರಿಯಾದ ವಿಚಾರಣೆಯಲ್ಲಿ ಸಿಗುತ್ತವೆ. ಕೈಕಾಲು ಅದುರದೆ ಮಿದುಳಿನೊಳಗೇ ನಡೆಯುವ ಅಪಸ್ಮಾರವೂ ಉಂಟು. ಅದು ಡಿಫ್ಯೂಷನ್ ಚಿತ್ರದಲ್ಲಿ ಸಿಜೆಡಿಯಂಥದ್ದೇ ಬಿಳಿ ಅಂಚು ತೋರಿಸಬಲ್ಲದು. ಇಇಜಿ ಮಾಡದೆ ಅದನ್ನು ಬೇರ್ಪಡಿಸಲಾಗದು.

ಇವುಗಳಲ್ಲಿ ಹೆಚ್ಚು ಮೋಸ ಮಾಡುವುದು ಆಟೋಇಮ್ಯೂನ್ ಎನ್ಸೆಫಲೈಟಿಸ್, ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬೀಳುವ ಕಾಯಿಲೆ. ಇದೂ ವಾರಗಳಲ್ಲಿ ಬೆಳೆಯುತ್ತದೆ, ಇದರಲ್ಲೂ ಮರೆವು, ಭ್ರಮೆ, ನಿದ್ದೆಗೇಡು. ಒಂದು ಬಗೆಯಲ್ಲಿ ಮುಖ ಮತ್ತು ಅದೇ ಬದಿಯ ತೋಳು ಕ್ಷಣಮಾತ್ರ ಸೆಟೆದುಕೊಳ್ಳುತ್ತವೆ, ದಿನಕ್ಕೆ ಹತ್ತಾರು ಸಲ. ಸೋಡಿಯಂ ಕೂಡ ಇಳಿದಿರುತ್ತದೆ. ಸ್ಟೀರಾಯ್ಡ್ ಮತ್ತಿತರ ಚಿಕಿತ್ಸೆಗೆ ಇದು ಬಗ್ಗುತ್ತದೆ, ಬೇಗ ಕೊಟ್ಟಷ್ಟು ಒಳ್ಳೆಯದು. ರಕ್ತ ಮತ್ತು ಬೆನ್ನುಹುರಿ ನೀರಿನಲ್ಲಿ ಇದರ ಪ್ರತಿಕಾಯ ಹುಡುಕುವ ಪರೀಕ್ಷೆಯಿದೆ. ಅಂಥ ರೋಗಿಯನ್ನು ಮನೆಯವರು ಅರಳುಮರಳೆಂದು ಬಿಟ್ಟರೂ ತಪ್ಪು, ಆಸ್ಪತ್ರೆಯವರು ಸಿಜೆಡಿ ಎಂದು ಕೈ ಚೆಲ್ಲಿದರೂ ತಪ್ಪು. ‘ಆಟೋಇಮ್ಯೂನ್ ಪರೀಕ್ಷೆ ಆಗಿದೆಯೇ?’ ಎಂಬ ಪ್ರಶ್ನೆಯನ್ನು ಮನೆಯವರೇ ಕೇಳಿದರೂ ನಷ್ಟವಿಲ್ಲ.

ಸ್ಕ್ಯಾನ್ ಜೊತೆಗೆ ಇನ್ನೆರಡು ಪರೀಕ್ಷೆ ಇವೆ. ಇಇಜಿಯಲ್ಲಿ ಸೆಕೆಂಡಿಗೆ ಸುಮಾರು ಒಂದರಂತೆ ಏಳುವ ಚೂಪು ಅಲೆಗಳು ಸಿಜೆಡಿಯ ಗುರುತು, ಎಲ್ಲರಲ್ಲಿಯೂ ಬರುವುದಿಲ್ಲ. ಬೆನ್ನುಹುರಿಯ ನೀರಿನಲ್ಲಿ 14-3-3 ಎಂಬ ಪ್ರೋಟೀನ್ ನೋಡುವುದು ಹಳೆಯ ಪದ್ಧತಿ, ಬೇರೆ ಕಾಯಿಲೆಯಲ್ಲೂ ಅದು ಹೆಚ್ಚುತ್ತದೆ. ಆರ್‌ಟಿ-ಕ್ವಿಕ್ ಎಂಬುದು ಕೆಟ್ಟ ಪ್ರೋಟೀನನ್ನು ಕೊಳವೆಯಲ್ಲೇ ಬೆಳೆಸಿ ತೋರಿಸುವ ಪರೀಕ್ಷೆ. ಅದು ಹೌದು ಎಂದರೆ ತಪ್ಪುವುದು ತೀರ ಕಡಿಮೆ. ಎಲ್ಲ ಲ್ಯಾಬಿನಲ್ಲಿ ಮಾಡುವುದಲ್ಲ, ನರರೋಗ ತಜ್ಞರ ಮೂಲಕವೇ ಕಳಿಸಬೇಕು.

ನಮ್ಮೂರಿನಿಂದ ದಾರಿ

ಮೊದಲ ಮೆಟ್ಟಿಲು ತಾಲ್ಲೂಕು ಆಸ್ಪತ್ರೆ ಅಥವಾ ಮನೆಗೆ ಹತ್ತಿರದ ಫಿಸಿಷಿಯನ್. ರಕ್ತಪರೀಕ್ಷೆಗಳು ಅಲ್ಲೇ ಆಗಲಿ. ಸುಳ್ಯದಲ್ಲಿ ಕೆವಿಜಿ ಮೆಡಿಕಲ್ ಕಾಲೇಜು ಆಸ್ಪತ್ರೆಯಿದೆ. ನರರೋಗ ತಜ್ಞರಿಗೆ ಹೆಚ್ಚಿನವರು ಹೋಗುವುದು ಮಂಗಳೂರಿಗೆ, ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಮತ್ತು ಅಲ್ಲಿನ, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಆಚೆಗೆ ಮಣಿಪಾಲ. ಪುತ್ತೂರಿನವರಿಗೆ ಮಂಗಳೂರು ಐವತ್ತು ಕಿಲೋಮೀಟರ್ ಆಸುಪಾಸು, ಸುಳ್ಯ, ಕಡಬದ ಒಳಗಿನ ಊರುಗಳವರಿಗೆ ಎಂಬತ್ತು ತೊಂಬತ್ತು, ಕೆಲವೆಡೆ ಇನ್ನೂ ಹೆಚ್ಚು. ಕೊಲ್ಲಮೊಗ್ರಿನಿಂದಲೋ ಮಡಪ್ಪಾಡಿಯಿಂದಲೋ ತಲೆ ನಿಲ್ಲದ ರೋಗಿಯನ್ನು ಕಾರಿನಲ್ಲಿ ಕೂರಿಸಿ ಮೂರು ಸಲ ಹೋಗಿಬರುವುದು ಎಂದರೆ ಏನೆಂದು ಆ ದಾರಿಯಲ್ಲಿ ಹೋದವರಿಗೆ ಗೊತ್ತು. ತಜ್ಞರ ಭೇಟಿ, ಎಂಆರ್‌ಐ, ಇಇಜಿ ಮೂರನ್ನೂ ಒಂದೇ ದಿನಕ್ಕೆ ಅಥವಾ ಎರಡು ದಿನದ ದಾಖಲಾತಿಗೆ ಹೊಂದಿಸಲು ಮೊದಲೇ ಕೇಳಿಕೊಳ್ಳಿ.

ಆಮೇಲೂ ಸಂಶಯ ಉಳಿದರೆ ನಿಮ್ಹಾನ್ಸ್. ಕಬಕ ಪುತ್ತೂರು ಅಥವಾ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಬೆಂಗಳೂರಿಗೆ ರಾತ್ರಿ ರೈಲಿದೆ, ಮಳೆಗಾಲದಲ್ಲಿ ಘಾಟಿ ಕುಸಿದರೆ ಮಾತ್ರ ಕಷ್ಟ. ಸಿಡಿ, ಎಲ್ಲ ರಿಪೋರ್ಟು, ಊರಿನ ತಜ್ಞರ ಪತ್ರ ಕೈಯಲ್ಲಿರಲಿ.

ಇನ್ನೊಂದು ವಸ್ತು ಎಲ್ಲ ರಿಪೋರ್ಟಿಗಿಂತ ಕೆಲಸಕ್ಕೆ ಬರುತ್ತದೆ, ಮನೆಯವರು ಬರೆದ ಒಂದು ಪುಟ. ಕೊನೆಯ ಸಲ ತಾವೇ ಲೆಕ್ಕ ಬರೆದದ್ದು ಯಾವಾಗ, ಒಬ್ಬರೇ ಪೇಟೆಗೆ ಹೋಗಿ ಬಂದದ್ದು ಯಾವಾಗ, ಮೊದಲ ಸಲ ಬಿದ್ದದ್ದು, ಮಾತು ಕಡಿಮೆಯಾದದ್ದು. ತಾರೀಕು ನೆನಪಿಲ್ಲದಿದ್ದರೆ ‘ಷಷ್ಠಿಗೆ ಮೊದಲು’, ‘ಮೊದಲ ಕೊಯ್ಲಿನ ಹೊತ್ತಿಗೆ’ ಎಂದು ಬರೆದರೂ ಆಯಿತು. ಮೈ ಜಿಗಿತವನ್ನು ಇಪ್ಪತ್ತು ಸೆಕೆಂಡು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಅದು ಬರಲಿಕ್ಕಿಲ್ಲ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕೇಳಿ. ಪತ್ರವಿಲ್ಲದೆ ಮುಂಗಡ ಕಟ್ಟಿದ ಹಣ ತಿರುಗಿ ಸಿಗುವುದು ಕಷ್ಟ.

ಹೆಸರು ತಿಳಿದ ಮೇಲೆ

ಸಿಜೆಡಿ ಎಂದು ತೀರ್ಮಾನವಾದರೆ ಆ ಕಾಯಿಲೆಯನ್ನು ನಿಲ್ಲಿಸುವ ಮದ್ದು ಇಂದಿಗೂ ಇಲ್ಲ. ಹೆಚ್ಚಿನವರು ಆರು ತಿಂಗಳೊಳಗೆ, ನೂರರಲ್ಲಿ ತೊಂಬತ್ತು ಮಂದಿ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಇದನ್ನು ಬರೆಯಲು ಕೈ ತಡೆಯುತ್ತದೆ, ಆದರೆ ಮುಚ್ಚಿಟ್ಟರೆ ಆ ಕುಟುಂಬ ಉಳಿದ ತಿಂಗಳುಗಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಿ, ತೋಟ ಅಡವಿಟ್ಟು ಕಳೆಯುತ್ತದೆ. ಹೆಸರು ಗೊತ್ತಾದರೆ ಆ ತಿಂಗಳುಗಳು ಮನೆಯಲ್ಲಿ ಕಳೆಯುತ್ತವೆ.

ಮೈ ಜಿಗಿತಕ್ಕೆ ಕ್ಲೊನಾಜೆಪಾಮ್‌ನಂಥ ಮಾತ್ರೆ ಡಾಕ್ಟರು ಬರೆಯುತ್ತಾರೆ. ಸದ್ದು, ಥಟ್ಟನೆ ಮುಟ್ಟುವುದು ಎರಡೂ ಜಿಗಿತ ತರಿಸುತ್ತವೆ. ಹಾಸಿಗೆ ಅಡಿಗೆಮನೆಯಿಂದ ದೂರವಿರಲಿ, ಮುಟ್ಟುವ ಮೊದಲು ಮೆಲ್ಲಗೆ ಹೆಸರು ಹಿಡಿದು ಮಾತಾಡಿಸಿ. ಊರ ಜಾತ್ರೆಯ ಕದೋನಿ, ಗರ್ನಾಲಿನ ದಿನ ಕಿಟಕಿ ಮುಚ್ಚಿ. ಮಲಗಿದಲ್ಲೇ ಆದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಗಾಳಿ ಹಾಸಿಗೆ ಇದ್ದರೆ ಬೆನ್ನು ಹುಣ್ಣು ತಡೆಯಬಹುದು. ಗಂಜಿಯನ್ನು ಮಂದವಾಗಿ, ತಲೆ ಎತ್ತಿಸಿ, ಸಣ್ಣ ಚಮಚದಲ್ಲಿ ಕೊಡಿ. ನೀರಿನಂಥ ತೆಳು ಪದಾರ್ಥವೇ ಶ್ವಾಸನಾಳಕ್ಕೆ ಇಳಿಯುವುದು ಹೆಚ್ಚು. ನೋಡಿಕೊಳ್ಳುವವರಿಗೆ ಮನಸ್ಸು ಕುಸಿದರೆ 14416ಕ್ಕೆ ಫೋನ್ ಮಾಡಬಹುದು, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಅಂಟುತ್ತದೆಯೇ ಎಂಬ ಭಯ ಊರಿಡೀ ಹಬ್ಬುತ್ತದೆ. 2018ರಲ್ಲಿ ಪಕ್ಕದ ಕೇರಳದಲ್ಲಿ ನಿಪಾ ಬಂದಾಗ ನಾವೆಲ್ಲ ಹೆದರಿದವರೇ, ಹಾಗಾಗಿ ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಸಿಜೆಡಿ ಮುಟ್ಟಿದರೆ, ಒಟ್ಟಿಗೆ ಉಂಡರೆ, ಕೆಮ್ಮಿದರೆ, ಬಟ್ಟೆ ಒಗೆದರೆ ಅಂಟುವುದಿಲ್ಲ. ಅಪಾಯ ಇರುವುದು ಮಿದುಳು, ಬೆನ್ನುಹುರಿ, ಕಣ್ಣಿನ ಅಂಗಾಂಶದಲ್ಲಿ. ಆಪರೇಷನ್ ಸಲಕರಣೆಗೆ ಅಂಟಿದ ಪ್ರಿಯಾನ್ ಸಾಮಾನ್ಯ ಕುದಿತಕ್ಕೆ ಹೋಗುವುದಿಲ್ಲ, ಹಾಗಾಗಿ ಯಾವ ಶಸ್ತ್ರಚಿಕಿತ್ಸೆಗೆ ಹೋದರೂ ಕಾಯಿಲೆಯ ಹೆಸರು ಮೊದಲೇ ಹೇಳಬೇಕು. ರಕ್ತದಾನ ಬೇಡ. ನಮ್ಮ ಕಡೆ ಕಣ್ಣು ದಾನ ಮಾಡುವ ಒಳ್ಳೆಯ ಪದ್ಧತಿ ಬೆಳೆದಿದೆ, ಈ ರೋಗಿಯ ಕಣ್ಣು ಮಾತ್ರ ದಾನಕ್ಕೆ ಸಲ್ಲದು. ಕಣ್ಣಿನ ಪಾರದರ್ಶಕ ಪದರದ ಕಸಿಯಿಂದ ಕಾಯಿಲೆ ದಾಟಿದ್ದು 1974ರಲ್ಲಿಯೇ ದಾಖಲಾಗಿದೆ. ಶವಕ್ಕೆ ಸ್ನಾನ ಮಾಡಿಸಿ ಎಂದಿನಂತೆ ಸಂಸ್ಕಾರ ಮಾಡಬಹುದು, ದಹನವಾಗಲಿ, ದಫನವಾಗಲಿ.

ಇಂಟರ್ನೆಟ್ಟಿನಲ್ಲಿ ಹುಡುಕಿದವರಿಗೆ ಹುಚ್ಚು ಹಸು ರೋಗ ಎಂಬುದು ಮೊದಲು ಕಣ್ಣಿಗೆ ಬೀಳುತ್ತದೆ. ರೋಗಪೀಡಿತ ದನದ ಮಾಂಸದ ಮೂಲಕ ಬಂದು 1996ರಲ್ಲಿ ಬ್ರಿಟನ್ನಿನಲ್ಲಿ ಗುರುತಿಸಲ್ಪಟ್ಟದ್ದು ಸಿಜೆಡಿಯ ಬೇರೆ ಬಗೆ, ಕಿರಿಯ ವಯಸ್ಸಿನವರಲ್ಲಿ ಕಂಡದ್ದು. ಎಂಆರ್‌ಐಯಲ್ಲೂ ಅದರ ಗುರುತು ಬೇರೆ, ಮಿದುಳಿನ ನಡುವಿನ ಥಲಾಮಸ್ ಎಂಬ ಭಾಗದ ಹಿಂಬದಿ ಬೆಳಗುತ್ತದೆ. ನಮ್ಮ ಹಟ್ಟಿಯ ದನಗಳಿಗೂ ಮನೆಯವರ ಈ ಕಾಯಿಲೆಗೂ ಸಂಬಂಧ ಕಟ್ಟಬೇಡಿ.

ಕಾಗದಪತ್ರದ ಕೆಲಸ ಮಾತು ಅರ್ಥವಾಗುವಷ್ಟು ದಿನದೊಳಗೆ ಆಗಬೇಕು. ಬ್ಯಾಂಕಿನ ಖಾತೆ, ಸಹಕಾರಿ ಸಂಘದ ಬೆಳೆ ಸಾಲ, ಪಹಣಿ. ಪವರ್ ಆಫ್ ಅಟಾರ್ನಿ ಮಾಡಿಸಿದರೆ ಸಾಕೆಂದು ಹಲವರು ತಿಳಿಯುತ್ತಾರೆ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದ ಮೇಲೆ ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ. ವಕೀಲರನ್ನು ಬೇಗ ಕೇಳಿ. ಕೊನೆಯ ದಿನಗಳಲ್ಲಿ ವೆಂಟಿಲೇಟರ್ ಬೇಕೇ ಬೇಡವೇ ಎಂದು ರೋಗಿಯೇ ಮುಂಚಿತವಾಗಿ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಕ್ರಮವನ್ನು ಸರಳ ಮಾಡಿದೆ. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು.

ಇನ್ನು ಮಕ್ಕಳ ಪ್ರಶ್ನೆ. ಸ್ಕ್ಯಾನ್ ವರದಿ ಕೈಗೆ ಬಂದ ರಾತ್ರಿ ಅವರು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿರುವುದು ಅದೇ, ‘ನಮಗೂ ಬರುತ್ತದಾ?’ ತಾನಾಗಿ ಬಂದ ಸಿಜೆಡಿ ಮಕ್ಕಳಿಗೆ ದಾಟುವುದಿಲ್ಲ, ಹೆಚ್ಚಿನ ಮನೆಗಳಿಗೆ ಉತ್ತರ ಇಷ್ಟೇ. ಅಜ್ಜನೋ ಅತ್ತೆಯೋ ಚಿಕ್ಕ ವಯಸ್ಸಿನಲ್ಲಿ ಹೀಗೆಯೇ ಮರೆತು, ನಡುಗಿ, ತಿಂಗಳುಗಳಲ್ಲಿ ತೀರಿಕೊಂಡ ನೆನಪು ಕುಟುಂಬದಲ್ಲಿದ್ದರೆ ಮುಖ್ಯವಾಗಿ 20ನೇ ವರ್ಣತಂತುವಿನಲ್ಲಿರುವ ಪ್ರಿಯಾನ್ ವಂಶವಾಹಿಯ ಪರೀಕ್ಷೆಯ ಮಾತು ಬರುತ್ತದೆ. ದೋಷ ಇದ್ದರೆ ಒಬ್ಬೊಬ್ಬ ಮಗುವಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ತಿಳಿದುಕೊಳ್ಳುವುದು, ತಿಳಿಯದೆ ಇರುವುದು ಎರಡೂ ಅವರವರ ಹಕ್ಕು. ಅಣ್ಣನ ಒತ್ತಾಯಕ್ಕೆ ತಂಗಿ ರಕ್ತ ಕೊಡಬೇಕಾಗಿಲ್ಲ. ಕೊಡುವುದಾದರೆ ಸೂಜಿ ಚುಚ್ಚುವ ಮೊದಲು ವಂಶವಾಹಿ ಸಲಹೆಗಾರರ ಜೊತೆ ಒಮ್ಮೆ ಕೂತು ಮಾತಾಡಿ, ಉತ್ತರ ಹೌದು ಎಂದು ಬಂದರೆ ಮರುದಿನ ಬೆಳಗ್ಗೆ ಏನು ಮಾಡುತ್ತೇನೆ ಎಂಬುದನ್ನೂ ಅವರೊಂದಿಗೇ ಯೋಚಿಸಿಕೊಂಡು ಬನ್ನಿ.